“ಒಂದು ತಿಂಗಳು ಬರಬೇಡಿ” ಅಂದರೆ ದಯವಿಟ್ಟು ಒಪ್ಪಬೇಡಿ

ಅಮ್ಮನಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಶುರುವಾಗಿ ಐದು ವರ್ಷ. ಆದಷ್ಟು ದಿನ ಮನೆಯಲ್ಲೇ ನೋಡಿಕೊಂಡೆವು. ರಾತ್ರಿ ಎರಡು ಗಂಟೆಗೆ ಗೇಟು ತೆಗೆದು ರಸ್ತೆಗೆ ಹೋಗೋದು ಶುರುವಾದ ಮೇಲೆ ನಮ್ಮ ಕೈಲಾಗಲಿಲ್ಲ. ಬೆಂಗಳೂರಿನಲ್ಲೇ ಒಂದು ಕೇರ್ ಹೋಮ್‌ಗೆ ಸೇರಿಸಿದೆವು. ತಿಂಗಳಿಗೆ 45,000 ರೂಪಾಯಿ, ಮೂರು ತಿಂಗಳ ಅಡ್ವಾನ್ಸ್.

ಸೇರಿಸಿದ ದಿನ ಮ್ಯಾನೇಜರ್ ಹೇಳಿದರು, “ಒಂದು ತಿಂಗಳು ಯಾರೂ ಬರಬೇಡಿ ಮೇಡಂ. ನಿಮ್ಮನ್ನ ನೋಡಿದ್ರೆ ಮನೆಗೆ ಹೋಗ್ಬೇಕು ಅಂತ ಹಟ ಮಾಡ್ತಾರೆ. ಹೊಂದ್ಕೊಳ್ಳೋಕೆ ಬಿಡಿ.” ನಾವು ಒಪ್ಪಿಕೊಂಡೆವು. ದಿನಾ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಬರುತ್ತಿತ್ತು. ತಲೆ ಬಾಚಿ, ಹಣೆಗೆ ಕುಂಕುಮ ಇಟ್ಟ ಅಮ್ಮ. ಎಲ್ಲ ಫೋಟೊಗಳೂ ಕುತ್ತಿಗೆಯಿಂದ ಮೇಲಕ್ಕೆ ಮಾತ್ರ ಇದ್ದವು. ಅದು ಆಗ ನಮಗೆ ಹೊಳೆಯಲೇ ಇಲ್ಲ.

26ನೇ ದಿನ ಗೌರಿ ಹಬ್ಬ. ಒಬ್ಬಟ್ಟು ಕೊಟ್ಟು ಬರೋಣ ಅಂತ ಫೋನ್ ಮಾಡದೆ ಹೋಗಿಬಿಟ್ಟೆ. ಮಧ್ಯಾಹ್ನ ಒಂದು ಗಂಟೆ. ಅಮ್ಮ ಮಂಚದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದರು. ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ಎಡಗೈಯಲ್ಲಿ, ಬಳೆ ಇರುತ್ತಿದ್ದ ಜಾಗದಲ್ಲಿ ಕೆಂಪು ಗೆರೆ. ಮಂಚದ ಕಂಬಿಯಲ್ಲಿ ಹಳೇ ದುಪಟ್ಟಾದ ತುಂಡೊಂದು ಇನ್ನೂ ಗಂಟು ಹಾಕಿಕೊಂಡೇ ಇತ್ತು. ಅಮ್ಮನನ್ನು ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಕೆಳಗೆ ಅಂಗೈ ಅಗಲದ ಹುಣ್ಣು. ಅದೇ ಸಂಜೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಆಮೇಲೆ ಒಂದೊಂದಾಗಿ ಗೊತ್ತಾಯಿತು. ಅಮ್ಮ ಒಂದು ಕಾಲದಲ್ಲಿ ಹಿಂದಿ, ಇಂಗ್ಲಿಷ್ ಎರಡೂ ಮಾತಾಡುತ್ತಿದ್ದವರು. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಎಷ್ಟೋ ಜನರಿಗೆ ಮೊದಲು ಹೋಗುತ್ತದೆ. ಅಮ್ಮನಿಗೆ ಈಗ ಉಳಿದಿರೋದು ಕನ್ನಡ ಒಂದೇ. ಅಲ್ಲಿ ನೋಡಿಕೊಳ್ಳುತ್ತಿದ್ದ ಹುಡುಗಿ ಒಡಿಶಾದವಳು, ಕನ್ನಡ ಬಾರದು. ಅಮ್ಮ “ಒಂದಕ್ಕೆ, ಒಂದಕ್ಕೆ” ಅಂತ ಕೂಗಿದಾಗೆಲ್ಲ ಅಜ್ಜಿ ಏನೋ ಎಣಿಸ್ತಿದ್ದಾರೆ ಅಂದುಕೊಂಡಿದ್ದಳಂತೆ. ಹಾಗಾಗಿ ಡೈಪರ್ ಹಾಕಿದರು. ಒದ್ದೆ ಡೈಪರ್‌ನಲ್ಲೇ ಗಂಟೆಗಟ್ಟಲೆ ಕೂರಿಸಿದರು. ಮೂತ್ರದ ಸೋಂಕು ಆಯಿತು. ವಯಸ್ಸಾದವರಿಗೆ ಈ ಸೋಂಕು ಬಂದರೆ ಜ್ವರವೇ ಇಲ್ಲದೆ ಒಮ್ಮೆಲೇ ಗಲಿಬಿಲಿ, ಕೂಗಾಟ ಶುರುವಾಗಬಹುದು. ಕೂಗಾಟಕ್ಕೆ ಕ್ವೆಟಿಯಾಪಿನ್ ಅನ್ನೋ, ಮಾನಸಿಕ ಕಾಯಿಲೆಗೆ ಕೊಡುವ ಮಂಪರು ತರಿಸುವ ಮಾತ್ರೆ ಕೊಟ್ಟರು, ಕೈ ಕಟ್ಟಿದರು. ಮಲಗಿದಲ್ಲೇ ಮಲಗಿ ಹುಣ್ಣಾಯಿತು.

ನಮ್ಮಲ್ಲಿ ಒಬ್ಬರು ಒಂದೇ ಒಂದು ದಿನ ಅಲ್ಲಿ ಕೂತಿದ್ದರೆ “ಒಂದಕ್ಕೆ” ಅಂದರೆ ಏನು ಅಂತ ಹೇಳಿರುತ್ತಿದ್ದೆವು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಆ ಹುಡುಗಿಯ ಮೇಲೆ ನನಗೆ ಕೋಪ ಇಲ್ಲ. ರಾತ್ರಿ ಒಂಬತ್ತು ಜನರಿಗೆ ಅವಳೊಬ್ಬಳೇ. ಕೋಪ ಇರೋದು ನಮ್ಮನ್ನು ದೂರ ಇಟ್ಟವರ ಮೇಲೆ.

ಆ ಮಾತ್ರೆಯ ಬಗ್ಗೆಯೂ ಹೇಳಲೇಬೇಕು. ಡಿಮೆನ್ಷಿಯಾ ಇರುವ ಹಿರಿಯರಿಗೆ ಈ ಜಾತಿಯ ಮಾತ್ರೆ ಕೊಟ್ಟರೆ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಕೆಲವರಿಗೆ ಬೇಕಾಗಬಹುದು, ಅದನ್ನು ಡಾಕ್ಟರ್ ನೋಡಿ ಹೇಳಬೇಕು. ಆದರೆ ಮನೆಯವರಿಗೆ ಒಂದು ಮಾತೂ ಹೇಳದೆ ಕೊಡೋದು ಯಾವ ನ್ಯಾಯ? ಮಾತ್ರೆಗಳ ಚೀಟಿ ಕೇಳಿ, ಫೋಟೊ ತೆಗೆದುಕೊಳ್ಳಿ, ನಿಮ್ಮ ಡಾಕ್ಟರ್‌ಗೆ ತೋರಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ನೋಡಲು ಹೋದಾಗ ಸುಮ್ನೆ ಹಣ್ಣು ಕೊಟ್ಟು ಬರಬೇಡಿ. ಊಟದ ಹೊತ್ತಿಗೆ ಹೋಗಿ. ನಮ್ಮಮ್ಮ ಚಮಚದಲ್ಲಿ ಕೊಟ್ಟರೆ ಉಗುಳುತ್ತಾರೆ, ಕಲಸಿ ಕೈತುತ್ತು ಕೊಟ್ಟರೆ ತಿನ್ನುತ್ತಾರೆ. ಅಲ್ಲಿನ ಪುಸ್ತಕದಲ್ಲಿ ‘ಊಟ ನಿರಾಕರಿಸಿದರು’ ಅಂತ ಹನ್ನೊಂದು ದಿನ ಬರೆದಿತ್ತು. ಹುಣ್ಣಾಗಿದೆಯಾ ಅಂತ ಕಾಲುಚೀಲ ತೆಗೆದು ಹಿಮ್ಮಡಿ ನೋಡಿ, ಬೆನ್ನು ನೋಡಿ. ಎದ್ದು ಓಡಾಡಲಾಗದವರನ್ನು ಎರಡು ಗಂಟೆಗೊಮ್ಮೆಯಾದರೂ ಹೊರಳಿಸುತ್ತಾರಾ ಅಂತ ಕೇಳಿ. ಯಾವ ಹೊತ್ತಿನಲ್ಲಾದರೂ ಬರಬಹುದು ಅನ್ನೋದನ್ನು ಸೇರಿಸುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಏನು ಮಾಡಬೇಕೋ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರ ಒಳಗೆ ಫೋನ್ ಮಾಡಿ.

ಮ್ಯಾನೇಜರ್ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅಮ್ಮ ಈಗ ಬೇರೆ ಕೇರ್ ಹೋಮ್‌ನಲ್ಲಿ ಇದ್ದಾರೆ, ನಾನು ಹೊರಟಾಗ ಅಳುತ್ತಾರೆ. ಹತ್ತು ನಿಮಿಷದಲ್ಲಿ ಮರೆತು ಕಿಟಕಿಯ ಹತ್ತಿರ ಕೂರುತ್ತಾರೆ ಅಂತ ಅಲ್ಲಿನವರು ಹೇಳುತ್ತಾರೆ. ನಾನು, ಅಣ್ಣ, ಅತ್ತಿಗೆ ಪಾಳಿ ಹಾಕಿಕೊಂಡಿದ್ದೇವೆ. ಮಂಚದ ಪಕ್ಕದ ಗೋಡೆಗೆ ಅಮ್ಮನ ಮಾತುಗಳ ಪಟ್ಟಿ ಅಂಟಿಸಿದ್ದೇವೆ, ಹಿಂದಿಯಲ್ಲಿ ಅರ್ಥ ಬರೆದು. ಮೊದಲನೆಯದೇ ‘ಒಂದಕ್ಕೆ’. ಹುಣ್ಣು ಇನ್ನೂ ಪೂರ್ತಿ ವಾಸಿಯಾಗಿಲ್ಲ, ದಿನಾ ಡ್ರೆಸಿಂಗ್ ನಡೆಯುತ್ತಿದೆ.