ಹಳೇ ಕ್ಯಾಸೆಟ್ಟನ್ನು ‘4ಕೆ’ ಮಾಡಿಸುವ ಮುಂಚೆ ಇದನ್ನು ಓದಿ

ಮನೆಯಲ್ಲಿ ವಿಎಚ್‌ಎಸ್ (ಹಳೇ ವಿಡಿಯೊ) ಕ್ಯಾಸೆಟ್ ಇಟ್ಟುಕೊಂಡವರೇ, ‘4ಕೆ ಮಾಡಿಕೊಡ್ತೀವಿ’, ಅಂದರೆ ಈಗಿನ ಟಿವಿಗೆ ತಕ್ಕ ಅತಿ ಸ್ಪಷ್ಟ ಚಿತ್ರ ಮಾಡಿಕೊಡ್ತೀವಿ, ಅನ್ನುವವರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಈಟಿವಿಯಲ್ಲಿ ‘ಪಾಪ ಪಾಂಡು’ ಹಾಸ್ಯ ಧಾರಾವಾಹಿ ಬರುತ್ತಿದ್ದಾಗ ನಮ್ಮಪ್ಪ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸಲು ಒಂದು ಅಂಗಡಿಗೆ ಕೊಟ್ಟೆವು. ಸಾದಾಕ್ಕೆ ಒಂದು ರೇಟು, 4ಕೆಗೆ ಇನ್ನೊಂದು. ‘ಸಾದಾ ಆದ್ರೆ ಈಗಿನ ಟಿವೀಲಿ ನೋಡೋಕಾಗಲ್ಲ ಸಾರ್’ ಅಂತ ಹೆದರಿಸಿ ಅಪ್ಪನನ್ನು ಒಪ್ಪಿಸಿದರು.

ಕೈಗೆ ಬಂದದ್ದು ನೋಡಬೇಕಿತ್ತು. ಪಾಂಡುವಿನ ಮುಖ ಮೇಣದ ಗೊಂಬೆ ಥರ ನುಣ್ಣಗಾಗಿತ್ತು. ಈಗಿನ ಅಗಲ ಟಿವಿ ಪೂರ್ತಿ ತುಂಬಲಿ ಅಂತ ಚಿತ್ರವನ್ನು ಮೇಲೂ ಕೆಳಗೂ ಕತ್ತರಿಸಿದ್ದರು. ನಿಂತವರಿಗೆ ತಲೆ ಇಲ್ಲ. ಕೆಳಗೆ ಬರುವ ಹೆಸರುಗಳಿಗೆ ಒತ್ತಕ್ಷರ ಇಲ್ಲ. ಉಳಿದ ಸಣ್ಣ ಅಕ್ಷರಗಳನ್ನು ಎಐ ತನಗೆ ತೋಚಿದಂತೆ ತಿದ್ದಿ, ಯಾವ ಭಾಷೆಗೂ ಸೇರದ ಸುರುಳಿ ಮಾಡಿಟ್ಟಿತ್ತು. ಪಾಂಡುವಿನ ಹೆಂಡತಿ ಶ್ರೀಮತಿ ಕೈ ಎತ್ತಿದರೆ ಚಿತ್ರ ಜರ್ಕ್ ಹೊಡೆಯುತ್ತಿತ್ತು. ನಮ್ಮ ಹಳೇ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರಗಳು ಬರುತ್ತಿದ್ದವು. ಅದರಲ್ಲಿ ಅರ್ಧ ಬಿಸಾಕಿದ್ದರು. ಹಾಸ್ಯದಲ್ಲಿ ನಗು ಬರುವುದೇ ಟೈಮಿಂಗಿನಿಂದ ಅಲ್ವಾ?

ಲೆಕ್ಕ ಸರಳ. ಆ ಚಿತ್ರದ ಅಳತೆ 720×576, ಸುಮಾರು 4 ಲಕ್ಷ ಚುಕ್ಕಿ (ಪಿಕ್ಸೆಲ್). 4ಕೆಯಲ್ಲಿ ಸುಮಾರು 83 ಲಕ್ಷ. ಅಂದರೆ 20 ಚುಕ್ಕಿಯಲ್ಲಿ 19 ಬರೀ ಊಹೆ. ವಿಎಚ್‌ಎಸ್ ಟೇಪಿನಲ್ಲಿ ನಿಜವಾಗಿ ಉಳಿದಿರುವ ವಿವರ ಅದಕ್ಕಿಂತಲೂ ಕಡಿಮೆ.

ಅಮೆರಿಕದ ಹಳೇ ಹಾಸ್ಯ ಧಾರಾವಾಹಿ ‘ಸೈನ್‌ಫೆಲ್ಡ್’ ಎಚ್‌ಡಿಯಲ್ಲಿ ಚೆನ್ನಾಗಿಲ್ವಾ ಅಂತ ಅಂಗಡಿಯವರು ವಾದ ಮಾಡಿದರು. ಅದನ್ನು ಚಿತ್ರೀಕರಿಸಿದ್ದು 35 ಎಂಎಂ ಫಿಲ್ಮಿನಲ್ಲಿ, ಆ ವಿವರ ರೀಲಿನಲ್ಲೇ ಇತ್ತು. ಅಲ್ಲೂ ಕತ್ತರಿಯ ಕಾಟ ತಪ್ಪಲಿಲ್ಲ. 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ, ರಸ್ತೆ ಗುಂಡಿಯ ಮೇಲೇ ಇರುವ ಕಂತಿನಲ್ಲಿ ಗುಂಡಿಯೇ ಫ್ರೇಮಿನಿಂದ ಹೊರಗೆ ಹೋಗಿತ್ತು. (ಗುಂಡಿ ಮುಚ್ಚುವ ಈ ಉಪಾಯ ನಮ್ಮ ಪಾಲಿಕೆಗೆ ಗೊತ್ತಾಗದಿರಲಿ.)

ನೀವು ಮಾಡಿಸುವುದಾದರೆ ಹೀಗೆ ಕೇಳಿ: ಹಳೇ ಟಿವಿಯ 4:3 (ಅಗಲ 4, ಎತ್ತರ 3) ಅಳತೆ ಬದಲಿಸಬಾರದು, ಎರಡು ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ. ಎಐ ಮುಟ್ಟಿಸಬಾರದು. ಟೇಪಿನಿಂದ ಇಳಿಸಿದ ಮೂಲ ಫೈಲನ್ನೇ ಕೊಡಬೇಕು. ಅದು ಡಿವಿ (ಡಿಜಿಟಲ್ ವಿಡಿಯೊ) ರೂಪದಲ್ಲಿದ್ದರೆ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಹಾರ್ಡ್ ಡಿಸ್ಕ್ ನೀವೇ ತೆಗೆದುಕೊಂಡು ಹೋಗಿ. ನೋಡೋಕೆ ಬೇಕಾದರೆ ಅದರಿಂದ ಸೆಕೆಂಡಿಗೆ 50 ಫ್ರೇಮಿನ ಎಂಪಿ4 ಮಾಡಿಸಿಕೊಳ್ಳಿ. ಮೊದಲು ಒಂದೇ ಕ್ಯಾಸೆಟ್ ಕೊಟ್ಟು, ನಿಮ್ಮ ಮನೆ ಟಿವಿಯಲ್ಲಿ ನೋಡಿ, ಆಮೇಲೆ ಉಳಿದದ್ದು ಕೊಡಿ.

ನಾವು ಮೂಲ ಫೈಲ್ ಕೇಳಿದಾಗ ‘ಜಾಗ ಸಾಲಲ್ಲ ಅಂತ ಡಿಲೀಟ್ ಮಾಡಿದ್ವಿ’ ಅಂದರು. ದುಡ್ಡು ವಾಪಸ್ ಬಂದಿಲ್ಲ. ಕ್ಯಾಸೆಟ್‌ಗಳಂತೂ ವಾಪಸ್ ಬಂದಿವೆ. ಬೂಷ್ಟು ಹಿಡಿಯುವ ಮುಂಚೆ ಬೇರೆ ಕಡೆ ಸಾದಾದಲ್ಲೇ ಮಾಡಿಸಬೇಕು.