ವಿಲ್ಪೆನಾ ಪೌಂಡ್ ಕ್ಯಾಂಪ್‌ಗ್ರೌಂಡ್: ಚಿಕ್ಕ ಮಕ್ಕಳ ಜೊತೆ ಮೂರು ರಾತ್ರಿ

ಮಕ್ಕಳು ಇನ್ನೂ ಚಿಕ್ಕವರು, ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಗಳಿಗೆ ಈಗಲೇ ಹೋಗಬಹುದಾ ಅಂತ ಅಡಿಲೇಡ್‌ನ ನಮ್ಮ ಗೆಳೆಯರು ಕೇಳುತ್ತಲೇ ಇರುತ್ತಾರೆ. ಖಂಡಿತ ಹೋಗಿ. ಆದರೆ ದಿನಕ್ಕೊಂದು ಊರು ಅಂತ ಓಡಾಡಬೇಡಿ, ಅಲ್ಲಿನ ವಿಲ್ಪೆನಾ ಪೌಂಡ್ ಅನ್ನೋ, ಬೆಟ್ಟಗಳು ಸುತ್ತುವರಿದ ಬಟ್ಟಲಿನಂಥ ಜಾಗದ ಪಕ್ಕ ಒಂದೇ ಕಡೆ ಟೆಂಟ್ ಹಾಕಿ ಮೂರು ರಾತ್ರಿ ಇರಿ. ನಾವು ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗನ ಜೊತೆ ಸೆಪ್ಟೆಂಬರ್ ಕೊನೆಯ ಶಾಲೆ ರಜೆಯಲ್ಲಿ ಹೋಗಿದ್ದೆವು.

ಅಡಿಲೇಡ್‌ನಿಂದ ಸುಮಾರು 430 ಕಿ.ಮೀ., ಅಂದರೆ ಬೆಂಗಳೂರಿಂದ ಹುಬ್ಬಳ್ಳಿಗೆ ಹೋದಷ್ಟು ದೂರ. ವಿಲ್ಪೆನಾವರೆಗೂ ಟಾರ್ ರಸ್ತೆಯೇ ಇದೆ, ನಮ್ಮ ಮಾಮೂಲಿ ಕಾರು ಸಾಕಾಯಿತು. ಕ್ವಾರ್ನ್ ದಾಟಿದ ಮೇಲೆ ಕನ್ಯಾಕಾ ಅನ್ನೋ ಹಳೇ ಕುರಿ ಸಾಕಣೆ ಕೇಂದ್ರದ ಕಲ್ಲಿನ ಗೋಡೆಗಳು ಸಿಗುತ್ತವೆ, ಅಲ್ಲಿ ಗಾಡಿ ನಿಲ್ಲಿಸಿ ಮಕ್ಕಳನ್ನು ಓಡಾಡಲು ಬಿಡಿ. ಹಾಕರ್‌ನಲ್ಲಿ ಪೆಟ್ರೋಲ್ ಹಾಕಿಸಿಕೊಂಡುಬಿಡಿ.

ಕ್ಯಾಂಪ್‌ಗ್ರೌಂಡ್ ನನಗೆ ತುಂಬಾ ಇಷ್ಟವಾಯಿತು. ಬಿಸಿನೀರಿನ ಸ್ನಾನ ಇದೆ, ಚಿಕ್ಕ ಅಂಗಡಿ ಇದೆ, ಮರಗಳ ನಡುವೆ ಜಾಗ ಧಾರಾಳ. ದೊಡ್ಡ ರೆಡ್ ಗಮ್ (ಒಂದು ಜಾತಿಯ ನೀಲಗಿರಿ) ಮರದ ಕೆಳಗೆ ಮಾತ್ರ ಟೆಂಟ್ ಹಾಕಬೇಡಿ, ಗಾಳಿ ಇಲ್ಲದಿದ್ದರೂ ಕೊಂಬೆ ಮುರಿದು ಬೀಳುತ್ತದೆ. ಊಟಕ್ಕೆ ನಾವು ಗ್ಯಾಸ್ ಒಲೆ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಒಂದು ಡಬ್ಬಿ ಚಪಾತಿ ಒಯ್ದಿದ್ದೆವು, ಹಾಗಾಗಿ ಸಂಜೆ ಹೊತ್ತು ಹಸಿವು ಅಂತ ಅಳುವ ಮಗುವನ್ನು ಕಾಯಿಸುವ ಕಷ್ಟ ಬರಲಿಲ್ಲ. ನೊಣ ವಿಪರೀತ, ಎಲ್ಲರಿಗೂ ಬಲೆ ಇರೋ ಟೋಪಿ ತಗೊಳ್ಳಿ.

ತೊಂದರೆ ಆಗಿದ್ದು ಬಾಡಿಗೆಗೆ ತಂದ ಸ್ಲೀಪಿಂಗ್ ಬ್ಯಾಗ್‌ಗಳಿಂದ. ಸಿಟಿಯ ಒಂದು ಅಂಗಡಿಯಿಂದ ತಂದಿದ್ದೆವು, ಒಂದರ ಜಿಪ್ ಕಿತ್ತುಹೋಗಿತ್ತು, ಉಳಿದವು ತೆಳ್ಳಗೆ. ಹಗಲು ಬಿಸಿಲಿದ್ದರೂ ರಾತ್ರಿ ಚಳಿ ಕೊರೆಯುತ್ತದೆ. ಮೊದಲ ರಾತ್ರಿ ಮಗನನ್ನು ನನ್ನ ಶಾಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡೇ ಮಲಗಿದೆ. ಹೊರಡುವ ಮುಂಚೆ ಮನೆಯಲ್ಲೇ ಎಲ್ಲ ಬಿಚ್ಚಿ ನೋಡಿಕೊಳ್ಳಿ.

ಎರಡನೇ ದಿನ ಪೌಂಡ್ ಒಳಗಿನ ಹಿಲ್ ಕುಟುಂಬದ ಹಳೇ ಮನೆವರೆಗೆ ನಡೆದೆವು. ಹೋಗಿ ಬರಲು ಆರೇಳು ಕಿ.ಮೀ., ಹೆಚ್ಚಿನದು ಹಳ್ಳದ ಪಕ್ಕದ ನೆರಳಿನ ದಾರಿ. ಆ ಮನೆಯವರು ಇಲ್ಲಿ ಗೋಧಿ ಬೆಳೆಯಲು ಹೊರಟವರು, 1914ರ ಪ್ರವಾಹದಲ್ಲಿ ಕಷ್ಟಪಟ್ಟು ಮಾಡಿದ ರಸ್ತೆಯೇ ಕೊಚ್ಚಿಹೋಗಿ ಬಿಟ್ಟು ಹೋದರು. ಇನ್ನೂ ಮೇಲೆ ವಂಗಾರ ನೋಟದ ಜಾಗಕ್ಕೆ ಮಗಳು ಅಪ್ಪನ ಜೊತೆ ಹತ್ತಿದಳು, ಸುತ್ತ ಬಟ್ಟಲಿನ ಅಂಚಿನ ಹಾಗೆ ಬೆಟ್ಟಗಳು ಕಾಣುತ್ತವಂತೆ. ಮಗ ಮತ್ತು ನಾನು ಕೆಳಗೇ ಉಳಿದೆವು. ಒಂದು ಬಂಡೆ ಮೇಲೆ ಸಾಲು ಸಾಲು ಗೆರೆ ಇತ್ತು, ಸಮುದ್ರದ ದಡದಲ್ಲಿ ನೀರು ಹಿಂದೆ ಸರಿದಾಗ ಮರಳಲ್ಲಿ ಉಳಿಯುತ್ತಲ್ಲ, ಥೇಟ್ ಹಾಗೇ. ಸುಮಾರು 55 ಕೋಟಿ ವರ್ಷದ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು, ಆ ಮರಳೇ ಗಟ್ಟಿಯಾಗಿ ಕಲ್ಲಾಗಿದೆ. ಅವನು ಬೆರಳಿಟ್ಟು ಒಂದೊಂದೇ ಗೆರೆ ಎಣಿಸುತ್ತಾ ಎಷ್ಟೋ ಹೊತ್ತು ಕೂತಿದ್ದ, ನಾನೂ ಎಬ್ಬಿಸಲಿಲ್ಲ.

ಸೇಂಟ್ ಮೇರಿ ಪೀಕ್ 1,171 ಮೀಟರ್, ಇಲ್ಲಿನ ಅತಿ ಎತ್ತರದ ಶಿಖರ. ತುದಿವರೆಗೆ ಹತ್ತಬೇಡಿ ಅಂತ ಈ ನೆಲದ ಮೂಲ ಜನ ಅದ್ನ್ಯಾಮತನ್ಹಾದವರು ಕೇಳಿಕೊಳ್ಳುತ್ತಾರೆ. ಪೌಂಡ್‌ನ ಗೋಡೆಗಳು ಅಕುರ್ರಾ ಅನ್ನೋ ಎರಡು ಮಹಾಸರ್ಪಗಳ ಮೈ ಅಂತ ಅವರ ಕಥೆ. ಮಗಳಿಗೆ ಇದನ್ನು ಮೊದಲೇ ಹೇಳಿದ್ದೆವು. ಆಮೇಲೆ ಆ ಕಡೆ ತಿರುಗಿದಾಗಲೆಲ್ಲ ಹಾವಿನ ತಲೆ ಎಲ್ಲಿ ಅಂತ ಹುಡುಕುತ್ತಿದ್ದಳು.

ಹತ್ತಿರದ ಬ್ರಚೀನಾ ಕಣಿವೆಯದು ಮಣ್ಣು ರಸ್ತೆ, ಮಳೆ ಬಂದರೆ ಮುಚ್ಚುತ್ತಾರೆ, ಬೆಳಿಗ್ಗೆ ವಿಸಿಟರ್ ಸೆಂಟರ್‌ನಲ್ಲಿ ಕೇಳಿಕೊಂಡೇ ಹೊರಡಿ. ಅಲ್ಲಿ ಹಳದಿ ಕಾಲಿನ ರಾಕ್ ವಾಲಬಿ ಅನ್ನೋ ಚಿಕ್ಕ ಕಾಂಗರೂವಿನಂಥ ಪ್ರಾಣಿ ನೋಡಲು ಸಂಜೆ ಒಳ್ಳೇ ಹೊತ್ತು, ಬಾಲದ ಪಟ್ಟೆಯಿಂದ ಗುರುತು ಸಿಗುತ್ತದೆ. ಆದರೆ ಕತ್ತಲಾಗುವ ಮುಂಚೆ ವಾಪಸ್ ಬನ್ನಿ, ಕಾಂಗರೂಗಳು ರಸ್ತೆಗೆ ಹಾರುತ್ತವೆ.

ಕೊನೆಯ ಬೆಳಿಗ್ಗೆ ಟೆಂಟ್ ಮಡಿಸುವಾಗ ಒಂದು ಎಮು, ಹಿಂದೆ ಪಟ್ಟೆ ಪಟ್ಟೆಯ ಆರು ಮರಿ, ನಮ್ಮ ಕಾರಿನ ಪಕ್ಕದಲ್ಲೇ ನಡೆದುಹೋದವು. ಅಮ್ಮ ಎಮು ಅಂದ ಮಗ. ಅಲ್ಲ ಕಂದಾ, ಅದು ಅಪ್ಪ, ಸುಮಾರು ಎಂಟು ವಾರ ಮೊಟ್ಟೆ ಮೇಲೆ ಕೂತು ಮರಿ ಮಾಡೋದು, ಆಮೇಲೆ ಸಾಕೋದು ಅಪ್ಪನೇ ಅಂದೆ. ಅವನು ಟೆಂಟಿನ ಗೂಟ ಕೀಳುತ್ತಿದ್ದ ಅವರಪ್ಪನ ಹತ್ತಿರ ಹೋಗಿ ಅಂಗಿ ಹಿಡಿದು ನಿಂತುಕೊಂಡ.