ಹೊಸ ಪಾಯದ ಬಿರುಕಿಗೆ ಸ್ಲರಿಯೋ, ಎಪಾಕ್ಸಿಯೋ, ಪಿಯು ಗ್ರೌಟೋ?

ಚಿಂತಾಮಣಿ ಕಡೆಯ ಬಿಸಿಲು, ಒಣಗಾಳಿಯಲ್ಲಿ ಹಾಕಿದ ಪ್ಲಿಂತ್ ಬೀಮಿನ (ಪಾಯದ ಮೇಲೆ, ಗೋಡೆಯ ಕೆಳಗೆ ಬರುವ ಕಾಂಕ್ರೀಟ್ ತೊಲೆ) ಮೇಲೆ ಮೊದಲ ದಿನವೇ ಕೂದಲೆಳೆ ಬಿರುಕು ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಮೇಲ್ಮೈ ನೀರು ಬೇಗ ಆರಿದ್ದೇ ಕಾರಣ. ಅಗಲ 0.3 ಮಿ.ಮೀ. ಒಳಗಿದ್ದರೆ ಪಾಲಿಮರ್ ಅಂಟುದ್ರವ ಬೆರೆಸಿದ ಸಿಮೆಂಟ್ ಸ್ಲರಿ (ತೆಳು ಸಿಮೆಂಟ್ ಗಂಜಿ) ಬಳಿದರೆ ಸಾಕು. ಅಗ್ಗ, ಮೇಸ್ತ್ರಿಯೇ ಮಾಡುತ್ತಾರೆ. ಬಲ ಮಾತ್ರ ಬರುವುದಿಲ್ಲ.

ಬೀಮನ್ನೇ ಸೀಳಿದ ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್, ಅಂದರೆ ಗಟ್ಟಿಯಾಗುವ ಅಂಟುರಾಳವನ್ನು ಒತ್ತಡದಿಂದ ಬಿರುಕಿನೊಳಗೆ ತುಂಬುವುದು. ದುಬಾರಿ, ಪಂಪು ಮತ್ತು ಪಳಗಿದ ಕೈ ಬೇಕು, ಬಿರುಕು ಒಣಗಿರಬೇಕು. ಈ ಮೂರರಲ್ಲಿ ಒಡೆದ ಕಾಂಕ್ರೀಟನ್ನು ಮತ್ತೆ ಬೆಸೆಯುವುದು ಇದೊಂದೇ. ಆದರೆ ಬಿರುಕು ಇನ್ನೂ ಬೆಳೆಯುತ್ತಿದ್ದರೆ ಪಕ್ಕದಲ್ಲೇ ಹೊಸದು ಏಳುತ್ತದೆ. ಅದಕ್ಕೇ ಮೊದಲು ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು, ದಿನಾಂಕ ಬರೆದು, ಎರಡು ಮೂರು ವಾರ ನೋಡಿ. ಗೆರೆ ದಾಟಿತೋ, ತುಂಬಿಸಲು ಹೋಗದೆ ಎಂಜಿನಿಯರ್‌ಗೆ ತೋರಿಸಿ; ಅಡಿಯ ಮಣ್ಣು ಕುಸಿಯುತ್ತಿರಬಹುದು.

ನೀರು ಜಿನುಗುವ ಕಡೆ, ಸಂಪಿನ ಗೋಡೆಯಂಥದ್ದಕ್ಕೆ, ಪಿಯು ಗ್ರೌಟ್ (ಬಿರುಕಿಗೆ ತುಂಬುವ ಪಾಲಿಯುರೆಥೇನ್ ದ್ರವ) ಒಳ್ಳೆಯದು: ತೇವದಲ್ಲೇ ಉಬ್ಬಿ ಸೋರಿಕೆ ತಡೆಯುತ್ತದೆ.